ಕೋಡಿ ಬಿದ್ದ ಮೇಲಿನ ಭವಿಷ್ಯವಾಣಿ

ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವಿನ 89 ವರ್ಷದಲ್ಲಿ ನಾವು ಗಟ್ಟಿ ಸಿದ್ಧಾಂತವೊಂದನ್ನು ಕಟ್ಟಿಕೊಂಡೆವು: ಇದು ಇನ್ನು ತುಂಬೋದಿಲ್ಲ ಬಿಡ್ರಿ. ಅದನ್ನೇ ನಂಬಿ ಹೊಸದುರ್ಗ ಕಡೆ ಹಿನ್ನೀರಿನ ಅಂಚಿನಲ್ಲಿ ತೋಟ ಎದ್ದವು, ಕೆಳಗೆ ವೇದಾವತಿಯ ಪಾತ್ರದಲ್ಲಿ ಜಾಲಿ ಬೆಳೆಯಿತು. ನೀರು ನುಗ್ಗಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಯಾರೂ ಊಹಿಸಿರಲಿಲ್ಲ.

ಕಟ್ಟಿದವರು ಊಹಿಸಿದ್ದರಲ್ಲ ಸ್ವಾಮಿ! 1907ರಲ್ಲಿ ಮುಗಿದ ಈ ಅಣೆಕಟ್ಟೆಯ ಕೋಡಿಗೆ ಗೇಟೇ ಇಲ್ಲ. 130 ಅಡಿ ದಾಟಿದ ನೀರು ತಾನಾಗಿ ಹರಿದುಹೋಗುತ್ತದೆ. ಕಡತ ಮೇಲೆ ಹೋಗಿ, ಸಹಿಯಾಗಿ, ಕೆಳಗಿಳಿಯಲಿ ಎಂದು ಕಾಯುವುದಿಲ್ಲ. ಗೇಟಿನ ಭಾಗ್ಯವೇನು ಎಂಬುದನ್ನು 2024ರ ಆಗಸ್ಟ್‌ನಲ್ಲಿ ಹೊಸಪೇಟೆಯವರು ಕಂಡರು. ತುಂಗಭದ್ರೆಯ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು.

‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂದು ಎಂಜಿನಿಯರುಗಳು ಹೇಳಿದರೆ ಪ್ರತಿ ವರ್ಷವೂ ಶೇ 1ರಷ್ಟು ಸಾಧ್ಯತೆ ಇದೆ ಎಂದರ್ಥ. ಬಂದು ಹೋದ ಮರುವರ್ಷವೂ ಅದೇ ಶೇ 1. ನಮ್ಮ ಕಚೇರಿಗಳಲ್ಲಿ ಮಾತ್ರ ಒಮ್ಮೆ ಬಂದರೆ 99 ವರ್ಷ ರಜೆ. ಎರಡು ವಾರದಾಚೆಗಿನ ಮಳೆಯನ್ನು ದಿನ ಹಿಡಿದು ಹೇಳುವುದು ಯಾವ ಕಂಪ್ಯೂಟರಿಗೂ ಕಷ್ಟ, ಒಪ್ಪೋಣ. ಆದರೆ ನೀರು ಎಲ್ಲಿಗೆ ನುಗ್ಗುತ್ತದೆ ಎಂದು ಹೇಳಲು ಕಂಪ್ಯೂಟರ್ ಯಾಕೆ? ಹಳೆ ನಕ್ಷೆ ಬಿಚ್ಚಿದರೆ ಸಾಕು.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಮಳೆಗಾಲವೇ ಅಲ್ಲ! ಅಜ್ಜಂಪುರದ ಸುರಂಗ ದಾಟಿ ಭದ್ರೆಯ ನೀರೂ ಬರುತ್ತಿತ್ತು. ಪಂಪು ಹಾಕಿ ನೀರೆತ್ತಿದವರು ನಾವೇ, ಪವಾಡವೆಂದು ಕೈಮುಗಿದವರೂ ನಾವೇ. ಹಳೆಯ ಲೆಕ್ಕ ಕೆಟ್ಟಿದೆ ಎಂದು ಯಾರಾದರೂ ಕೂತು ಹೊಸ ಲೆಕ್ಕ ಹಾಕಬೇಕಿತ್ತು. ಪಂಚಾಂಗ ಬಿಚ್ಚಿ ಬಾಗಿನಕ್ಕೆ ಮುಹೂರ್ತ ಹಾಕಿದರು.

ಇನ್ನು ನಿಯಂತ್ರಣದ ಮಾತು. ಹೊಸದುರ್ಗದವರು ಕೋಡಿ ತಗ್ಗಿಸಿ ಎಂದರು, ಹಿರಿಯೂರಿನವರು ಮುಟ್ಟಿದರೆ ಜೋಕೆ ಎಂದರು. ಮುಳುಗುವವನ ಸಂಕಟ ಸುಳ್ಳಲ್ಲ, ಬರ ಕಂಡವನ ಭಯವೂ ಸುಳ್ಳಲ್ಲ. ಮುಳುಗುವ ಜಮೀನಿಗೆ ಪರಿಹಾರ ಕೊಡಿ ಎನ್ನುವ ಸರಳ ದಾರಿಯಲ್ಲಿ ರಾಜಕೀಯಕ್ಕೆ ಲಾಭವಿಲ್ಲ, ಜಗಳದಲ್ಲಿದೆ.

ಹೀಗೆ ಕೋಡಿ ಬೀಳುವುದು ಅಪರೂಪದ ಪಟ್ಟಿಯಿಂದ ಹೊರಬಿತ್ತು. ಆ ಜಾಗ ಖಾಲಿ ಉಳಿದಿಲ್ಲ. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ, ಇದೇ ಭದ್ರೆಯ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಎರಡು ವರ್ಷದ ಬಳಿಕ ಮಾರಿಕಣಿವೆ ತುಂಬಿ ಹರಿದಾಗಲೂ ಆ ಹಣ ಬಂದಿರಲಿಲ್ಲ.