ಗೋಡೆ ನೋಡುವ ಕೈಪಿಡಿ: ಮಲ್ಲತ್ತಹಳ್ಳಿ ಮಾಡೆಲ್

ನಮ್ಮೂರಿನ ಬೀದಿಗೋಡೆಯನ್ನು ಕಲೆಯೆಂದು ನೋಡಲು ಒಪ್ಪಿದ್ದಕ್ಕೆ ಧನ್ಯವಾದಗಳು. ಬಳಕೆಗೆ ಮುಂಚೆ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿದ ಮೇಲೆ ಮಿಕ್ಸಿ, ಗೀಸರುಗಳ ಕೈಪಿಡಿಗಳನ್ನು ಎಲ್ಲಿಟ್ಟಿದ್ದೀರೋ ಅಲ್ಲೇ ಇಟ್ಟು ಮರೆತುಬಿಡಬಹುದು.

ಜೊತೆಗೆ ಏನೇನು ಬರುತ್ತದೆ

ಗೋಡೆ 1. ಅದರ ಬುಡದಲ್ಲಿ ಚರಂಡಿ, ಚರಂಡಿ ಮೇಲೆ ಚಪ್ಪಡಿಕಲ್ಲುಗಳು, ನಡುನಡುವೆ ಚಪ್ಪಡಿ ಇಲ್ಲದ ಜಾಗಗಳು (ಇದು ತಯಾರಿಕೆಯ ದೋಷವಲ್ಲ). ನೋಡುವವರು ತಾವೇ ತರಬೇಕಾದದ್ದು ಗಟ್ಟಿ ಚಪ್ಪಲಿ ಮತ್ತು ಕರವಸ್ತ್ರ. ಕರವಸ್ತ್ರ ಯಾಕೆಂದು ಗೋಡೆ ಹತ್ತಿರ ಹೋದಾಗ ಮೂಗೇ ಹೇಳುತ್ತದೆ.

ಶುರು ಮಾಡುವ ವಿಧಾನ

ಮೊದಲ ಸಲ ಬಳಸುವವರು ಮಲ್ಲತ್ತಹಳ್ಳಿಯ ಕಲಾಗ್ರಾಮದ ಗೇಟಿನ ಮುಂದೆ ನಿಂತುಕೊಳ್ಳಿ. ಒಳಗಿರುವುದು ಸರ್ಕಾರ ಒಪ್ಪಿದ ಕಲೆ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಅಲ್ಲಿದೆ, ಜಿ.ಎಸ್. ಶಿವರುದ್ರಪ್ಪನವರ ಸಮಾಧಿ ಅಲ್ಲಿದೆ. 2014ರಲ್ಲಿ ಅನಂತಮೂರ್ತಿಯವರ, 2021ರಲ್ಲಿ ಸಿದ್ಧಲಿಂಗಯ್ಯನವರ ಅಂತ್ಯಕ್ರಿಯೆ ನಡೆದದ್ದೂ ಅಲ್ಲೇ. ಮೆರವಣಿಗೆಗಳಿಗೆ ಹಾಡು ಕೊಟ್ಟ ಕವಿ ಸಿದ್ಧಲಿಂಗಯ್ಯ ಕಾಂಪೌಂಡಿನ ಒಳಗೆ. ಬೀದಿ ತಾನಾಗಿ ಬರೆದುಕೊಂಡದ್ದು ಹೊರಗೆ. ಒಳಗೆ ಹೋಗಿ ಕೈಮುಗಿದು ಬನ್ನಿ, ಆಮೇಲೆ ಗೇಟಿಗೆ ಬೆನ್ನು ಹಾಕಿ ನಡೆಯಿರಿ.

ಚಿತ್ರಕ್ಕಿಂತ ಮೊದಲು ಅಕ್ಷರ ಓದಬೇಕು. ಕಾವೇರಿ ನೀರು ಬಾರದ ಬೀದಿಯಲ್ಲಿ ಟ್ಯಾಂಕರ್ ನಂಬರು ದಪ್ಪವಾಗಿರುತ್ತದೆ, ಹಾಸ್ಟೆಲುಗಳ ಪಕ್ಕ ಪಿಜಿ ನಂಬರು. ಖಾಲಿ ಸೈಟಿನ ಕಾಂಪೌಂಡಿನ ಮೇಲೆ ‘ಈ ಸ್ವತ್ತು ಮಾರಾಟಕ್ಕಿಲ್ಲ, ದಾವೆ ನ್ಯಾಯಾಲಯದಲ್ಲಿದೆ’ ಎಂದು ಕೆಂಪು ಪೇಂಟಿನಲ್ಲಿ ಬರೆದಿದ್ದರೆ ಸ್ವಲ್ಪ ನಿಲ್ಲಿ: ಅಣ್ಣತಮ್ಮಂದಿರ ಜಗಳದ ಇಡೀ ಕಾದಂಬರಿಯೇ ಎರಡು ಸಾಲಿಗಿಳಿದಿದೆ. ಗೋಡೆಯ ವಯಸ್ಸು ತಿಳಿಯಲು ಇಲಾಖೆಯ ಹೆಸರು ನೋಡಿ. ಬಿಬಿಎಂಪಿ ಹುಟ್ಟಿದ್ದು 2007ರಲ್ಲಿ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಒಂದಿದ್ದ ಪಾಲಿಕೆ ಐದಾಯಿತು. ಗೋಡೆಗೆ ಈ ಸುದ್ದಿ ಮುಟ್ಟುವುದು ಯಾವಾಗಲೂ ತಡ.

ಸರ್ಕಾರದ್ದೂ ಒಂದು ಗೋಡೆಬರಹವಿದೆ. ಪಲ್ಸ್ ಪೋಲಿಯೋ ಮುಗಿದ ವಾರ ಯಾರದ್ದಾದರೂ ಬಾಗಿಲ ಚೌಕಟ್ಟು ನೋಡಿ. ಸೀಮೆಸುಣ್ಣದಲ್ಲಿ ಒಂದು ‘ಪಿ’, ಜೊತೆಗೆ ತಾರೀಖು. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಪಿ, ಬಾಕಿ ಇದ್ದರೆ ಎಕ್ಸ್. ಇಷ್ಟು ಕಡಿಮೆ ಗೆರೆಯಲ್ಲಿ ಇಷ್ಟು ಕೆಲಸ ಮಾಡಿದ ಚಿತ್ರಕಾರ ನಗರದ ಯಾವ ಗ್ಯಾಲರಿಯಲ್ಲೂ ಇರಲಾರ.

ಬಾಗಿಲಿನ ಮಾತು ಬಂತಲ್ಲ, ಈ ಪ್ರಕಾರದ ಅಭಿಜಾತ ಕೃತಿ ‘ನಾಳೆ ಬಾ’. ತೊಂಬತ್ತರ ದಶಕದಲ್ಲಿ, ರಾತ್ರಿ ದೆವ್ವವೊಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಎಂಬ ಗುಲ್ಲೆದ್ದು ಹಳ್ಳಿಗಳಲ್ಲೂ ಬೆಂಗಳೂರಿನ ಬಡಾವಣೆಗಳಲ್ಲೂ ಜನ ಬಾಗಿಲ ಮೇಲೆ ಹಾಗೆ ಬರೆದುಕೊಂಡರು. ದೆವ್ವ ಬಂದು ಓದಬೇಕು, ವಾಪಸು ಹೋಗಬೇಕು, ಮರುದಿನ ಮತ್ತೆ ಅದನ್ನೇ ಓದಬೇಕು. ಅಲ್ಲಿಂದ ಇಲ್ಲಿಯವರೆಗೆ ಬೆಂಗಳೂರಿನ ಗೋಡೆಗಳು ‘ಇಲ್ಲಿ ಕಸ ಹಾಕಬೇಡಿ’, ‘ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ’ ಎಂದು ಏನೇನೋ ಕೇಳಿಕೊಂಡಿವೆ. ಬರೆದದ್ದನ್ನು ಓದಿ ಹಾಗೇ ನಡೆದುಕೊಂಡದ್ದು ಆ ದೆವ್ವ ಒಂದೇ.

ಬಣ್ಣದ ಗೋಡೆಗಳ ನಿರ್ವಹಣೆ

ಈಗ ಚಿತ್ರಗಳಿಗೆ ಬನ್ನಿ. ಮೊದಲು ಮೊಣಕಾಲಿನ ಎತ್ತರದಲ್ಲಿ ನೋಡಿ. ಅಂಗೈಯಗಲದ ಹೊಳೆಯುವ ಟೈಲ್ಸು: ಒಂದರಲ್ಲಿ ಗಣೇಶ, ಪಕ್ಕದಲ್ಲಿ ಶಿಲುಬೆ, ಅದರ ಪಕ್ಕ ಮೆಕ್ಕಾ. ಸರ್ವಧರ್ಮ ಸಮನ್ವಯವೆಂದು ಕಣ್ಣು ತುಂಬಿಕೊಳ್ಳುವ ಮೊದಲು ಎತ್ತರ ಗಮನಿಸಿ. ಯಾವ ದೇವರನ್ನೂ ನಾವು ಇಷ್ಟು ಕೆಳಗೆ ಕೂರಿಸುವುದಿಲ್ಲ. ಅವರು ಕೂತಿರುವುದು ಡ್ಯೂಟಿ ಮೇಲೆ. ಸಿಮೆಂಟು ಒಣಗುವುದರೊಳಗೆ ಜನ ಮೂರು ಮಾರು ಪಕ್ಕಕ್ಕೆ ಸರಿದಿರುತ್ತಾರೆ. ಟೈಲ್ಸು ಮುಗಿದಲ್ಲಿಂದ ಗೋಡೆ ಮತ್ತೆ ಒದ್ದೆ.

2009ರ ಸುಮಾರಿಗೆ ಪಾಲಿಕೆ ಇದೇ ಕೆಲಸವನ್ನು ದೊಡ್ಡದಾಗಿ ಮಾಡಿಸಿತು. ಪೋಸ್ಟರು ಮತ್ತು ಮೂತ್ರ ಎರಡನ್ನೂ ತಡೆಯಲು ಊರಿನ ಗೋಡೆಗಳ ಮೇಲೆ ಹಂಪಿಯ ಕಲ್ಲಿನ ರಥ, ಜೋಗ, ಹುಲಿ, ಆನೆ, ಮೈಸೂರು ಅರಮನೆ. ಬರೆದವರಲ್ಲಿ ಅನೇಕರು ಸಿನಿಮಾ ಬ್ಯಾನರ್ ಕಲಾವಿದರು. ನಲವತ್ತು ಅಡಿಯ ರಾಜ್‌ಕುಮಾರ್ ಮುಖವನ್ನು ಚೌಕ ಹಾಕಿ ಬರೆಯುತ್ತಿದ್ದ ಕೈಗಳು, ಫ್ಲೆಕ್ಸ್ ಬಂದ ಮೇಲೆ ಖಾಲಿ ಕೂತಿದ್ದವು. ಹಾಗಾಗಿಯೇ ಆ ಹುಲಿಗಳ ಕಣ್ಣಲ್ಲಿ ವಜ್ರಮುನಿಯವರ ಕೋಪವಿತ್ತು. ಹುಲಿಯ ಹೊಟ್ಟೆಯಿಂದ ಪಿವಿಸಿ ಪೈಪು ಹೊರಬಂದಿದ್ದರೆ ಅದನ್ನು ಕಲಾವಿದನ ತಲೆಗೆ ಕಟ್ಟಬೇಡಿ. ಅದು ಇನ್ನೊಂದು ಇಲಾಖೆಯ ಕೊಡುಗೆ. ಈ ಚಿತ್ರಗಳನ್ನು ಬಿಗುಮಾನದವರು ಕ್ಯಾಲೆಂಡರ್ ಕಲೆ ಎಂದು ಆಗ ಹಳಿದರು. ನನಗೆ ಅವು ಇಷ್ಟ. ನನ್ನ ತಕರಾರು ಬರೆದ ಕೈಯ ಮೇಲಲ್ಲ, ಬರೆಸಿದ ಲೆಕ್ಕದ ಮೇಲೆ. ಶೌಚಾಲಯ ಕಟ್ಟಬೇಕಾದ ಕಡೆ ಹುಲಿ ಬರೆಸಿದರೆ ಹುಲಿ ಏನು ಮಾಡೀತು?

ಒಂದು ಬಗೆಯ ಗೋಡೆಗೆ ಮಾತ್ರ ಕಾವಲು ಬೇಕಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರ ಊರು ತುಂಬ ಎದ್ದ ಅಪ್ಪು ಚಿತ್ರಗಳ ಎದುರು ಹತ್ತು ನಿಮಿಷ ನಿಂತು ನೋಡಿ. ಎಲೆಅಡಿಕೆ ಬಾಯಲ್ಲಿಟ್ಟುಕೊಂಡು ಬಂದವನೂ ಉಗಿಯುವುದಕ್ಕೆ ಮುಂದಿನ ತಿರುವಿನವರೆಗೆ ಹೋಗುತ್ತಾನೆ. ಮೂಗು ಕೊಂಚ ಅತ್ತಿತ್ತ ಆಗಿರುತ್ತದೆ, ನಗು ಮಾತ್ರ ಯಾರೂ ತಪ್ಪಿಸಿಲ್ಲ.

ಎಚ್ಚರಿಕೆ: ತೆರೆದ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ಅನುಮತಿಯಿಲ್ಲದೆ ಬರೆದರೆ, ಅಂಟಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಕಾಯ್ದೆಯ ಕಣ್ಣಿಗೆ ಕಲಾವಿದನೂ ಮೂಲವ್ಯಾಧಿ ಡಾಕ್ಟರೂ ಒಂದೇ. ಆದರೂ ನಿಮ್ಮ ಬೀದಿಯಲ್ಲಿ ಯಾರು ಜಾಸ್ತಿ ಇದ್ದಾರೆಂದು ಎಣಿಸಿ ನೋಡಿ.

ಪಳಗಿದವರಿಗೆ: ತಲೆ ತಗ್ಗಿಸುವ ವಿಧಾನ

ಗೋಡೆ ರೂಢಿಯಾದ ಮೇಲೆ ರಸ್ತೆ ನೋಡಲು ಕಲಿಯಬೇಕು. ಇದರಲ್ಲಿ ಗುರು ಬಾದಲ್ ನಂಜುಂಡಸ್ವಾಮಿ, ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತವರು. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನೇ ಕೊಳ ಮಾಡಿ ಅದರಲ್ಲೊಂದು ಮೊಸಳೆ ಬಿಟ್ಟರು. ನಮ್ಮ ಸೀಮೆಗೆ ದಕ್ಕಿದ್ದು ಅದಕ್ಕಿಂತ ದೊಡ್ಡ ಕೃತಿ. ಮಲ್ಲತ್ತಹಳ್ಳಿಯಿಂದ ಮಾಗಡಿ ರಸ್ತೆ ಕಡೆ ಹೋದರೆ ಹೇರೋಹಳ್ಳಿ, ಅಲ್ಲಿ ತುಂಗಾನಗರ ಮುಖ್ಯರಸ್ತೆ. 2019ರ ಸೆಪ್ಟೆಂಬರ್ ಮೊದಲ ವಾರ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಲು ಇನ್ನೇನು ಕೆಲವೇ ದಿನ ಬಾಕಿ. ಆಗ ನಂಜುಂಡಸ್ವಾಮಿಯವರದೊಂದು ವಿಡಿಯೋ ಬಂತು. ಕತ್ತಲು, ಬೂದುಬಣ್ಣದ ನೆಲ, ಉದ್ದಕ್ಕೂ ಕುಳಿಗಳು, ಬಿಳಿ ದಿರಿಸಿನ ಗಗನಯಾತ್ರಿ ತೇಲಿದಂತೆ ಒಂದೊಂದೇ ಹೆಜ್ಜೆ ಎತ್ತಿಡುತ್ತಾನೆ. ಚಂದ್ರನೇ ಸೈ ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಆಟೋ ಹಾದುಹೋಗುತ್ತದೆ. ದಿರಿಸಿನೊಳಗಿದ್ದವರು ನಟ ಪೂರ್ಣಚಂದ್ರ ಮೈಸೂರು. ವಿಕ್ರಮನಿಗೆ ಆಜ್ಞೆ ಕಳಿಸುತ್ತಿದ್ದ ಇಸ್ರೋ ಕೇಂದ್ರ ಇರುವುದೂ ಪೀಣ್ಯದಲ್ಲಿ, ಅಂದರೆ ಆ ಗುಂಡಿಗಳಿಂದ ಒಂದು ಆಟೋ ಸವಾರಿಯ ದೂರದಲ್ಲಿ. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮನ ಸಂಪರ್ಕ ಕಡಿಯಿತು. ಹೇರೋಹಳ್ಳಿಯಲ್ಲಿ ಇಳಿದವನು ಅದಕ್ಕೆ ಮೊದಲೇ ಕೆಲಸ ಮುಗಿಸಿದ್ದ. ಪಾಲಿಕೆಯವರು ಜಲ್ಲಿ ಹೊತ್ತು ಓಡಿ ಬಂದಿದ್ದರು.

ಹುಲಿ, ಜೋಗ, ಟೈಲ್ಸಿನ ದೇವರು ಇವೆಲ್ಲ ಪಾಲಿಕೆ ಮಾಡದೆ ಬಿಟ್ಟದ್ದನ್ನು ಮುಚ್ಚಲು ಬಂದವು. ನಂಜುಂಡಸ್ವಾಮಿ ಅದನ್ನೇ ತೋರಿಸಿದರು, ಸಂಪೂರ್ಣ ಲೈಟಿಂಗ್ ಸಮೇತ. ಹಾಗಾಗಿ ಈ ಕೃತಿಯ ಬಳಕೆಯ ಕ್ರಮವೇ ಬೇರೆ. ತುಂಗಾನಗರಕ್ಕೆ ಹೋದಾಗ ನೋಡಲು ಏನೂ ಇಲ್ಲದಿದ್ದರೆ ಕೃತಿ ಸುಸ್ಥಿತಿಯಲ್ಲಿದೆ ಎಂದರ್ಥ. ಮತ್ತೆ ಕುಳಿ ಕಂಡರೆ ವಾರಂಟಿ ಮುಗಿದಿದೆ.

ತೊಂದರೆ ಕಂಡುಬಂದಲ್ಲಿ

ಚಿತ್ರ ಅರ್ಧ ಮಾತ್ರ ಕಾಣುತ್ತಿದೆ: ಮುಂದೆ ನಿಂತಿರುವ ಕಾರಿನ ಮಾಲೀಕರು ಸಂಜೆ ಬರುತ್ತಾರೆ.

ನಿನ್ನೆ ಇದ್ದ ಚಿತ್ರ ಇಂದು ಸುಣ್ಣವಾಗಿದೆ: ಗಣ್ಯರೊಬ್ಬರು ಈ ದಾರಿಯಲ್ಲಿ ಹಾದುಹೋಗುವವರಿದ್ದಾರೆ.

ಎಷ್ಟು ನೋಡಿದರೂ ಅರ್ಥವಾಗುತ್ತಿಲ್ಲ: ಅದು ಕಲೆಯಲ್ಲ, ಡಾಂಬರು ಕಿತ್ತ ಗುತ್ತಿಗೆದಾರರು ಹಾಕಿದ ಗುರುತು.

ಗ್ರಾಹಕ ಸೇವೆ

ಕಲಾವಿದನನ್ನು ನೇರ ಸಂಪರ್ಕಿಸಬಹುದು. ಚಿತ್ರದ ಬಲಗಡೆ ಮೂಲೆಯಲ್ಲಿ ಸಹಿ ಇರಬೇಕಾದ ಜಾಗದಲ್ಲಿ ‘ಆರ್ಟ್ಸ್’ ಎಂದು ಮುಗಿಯುವ ಹೆಸರು, ಕೆಳಗೆ ಮೊಬೈಲ್ ನಂಬರು ಇರುತ್ತದೆ. ಫೋನ್ ಮಾಡಿ ಹುಲಿಯ ಕಣ್ಣಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ. ಆ ಕಡೆಯವರು ಸಮಾಧಾನವಾಗಿ ಕೇಳಿಸಿಕೊಂಡು, ‘ಥ್ಯಾಂಕ್ಸ್ ಸಾರ್. ನಿಮ್ಮ ಗೋಡೆ ಎಷ್ಟು ಸ್ಕ್ವೇರ್ ಫೀಟು? ಪ್ಲಾಸ್ಟರಿಂಗ್ ಆಗಿದ್ಯಾ?’ ಎನ್ನುತ್ತಾರೆ. ಅಳತೆ ರೆಡಿ ಇಟ್ಟುಕೊಂಡೇ ಫೋನ್ ಮಾಡಿ.