ಒಡೆದ ಮೇಲೆ ಬನ್ನಿ: ಕೋಡಿಯಮ್ಮನ ಸಂದರ್ಶನ

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಒಂದು ಕೆರೆಯ ಕೋಡಿ ಇವರು. ಯಾವ ಕೆರೆ ಅಂತ ಬರೆಯಬೇಡ ಎಂದರು. ಬರೆದರೆ ನೋಟಿಸು ಬರುತ್ತದಂತೆ, ದುಡ್ಡು ಬರುವುದಿಲ್ಲವಂತೆ.

ಆರೋಗ್ಯ ಹೇಗಿದೆ ಕೋಡಿಯಮ್ಮ?

ಬೆನ್ನಲ್ಲಿ ಅರಳಿ ಗಿಡ ಹುಟ್ಟಿದೆ ಕಣಪ್ಪ. ಬೇರು ಕಲ್ಲಿನ ಸಂದಿಗೆ ಇಳೀತಾ ಇದೆ. ಈಗ ಕಿತ್ತರೆ ಒಬ್ಬ ಆಳಿನ ಅರ್ಧ ದಿನದ ಕೂಲಿ. ನಾನು ಒಡೆದ ಮೇಲಾದರೆ ಟೆಂಡರು.

ಇಲಾಖೆಗೆ ಹೇಳಲಿಲ್ಲವೆ?

ಯಾವ ಇಲಾಖೆಗೆ? ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿಯವರು, ಕಡಿಮೆಯಿದ್ದರೆ ಪಂಚಾಯ್ತಿಯವರು. ಒತ್ತುವರಿಗೆ ತಹಶೀಲ್ದಾರರು. ಏರಿ ಮೇಲಿನ ಮರಕ್ಕೆ ಅರಣ್ಯದವರನ್ನ ಕೇಳಬೇಕಂತೆ. ಮೀನು ಹರಾಜಿಗೆ ಮಾತ್ರ ಯಾರನ್ನೂ ಕರೆಯೋ ಹಾಗಿಲ್ಲ, ತಾವೇ ಬರ್ತಾರೆ.

ಹಿಂದೆ ಯಾರು ನೋಡಿಕೊಳ್ಳುತ್ತಿದ್ದರು?

ನೀರಗಂಟಿ. ಮಳೆಗಾಲದ ರಾತ್ರಿ ಗುದ್ದಲಿ ಹಿಡಿದು ಏರಿ ಮೇಲೆ ತಿರುಗೋನು, ಇಲಿ ಬಿಲದಲ್ಲಿ ನೀರು ಜಿನುಗಿದರೆ ಮೆತ್ತೋನು. ಅವನಿಗೆ ಇನಾಮು ಜಮೀನು, ಸುಗ್ಗೀಲಿ ಕಣದಿಂದ ಒಂದಿಷ್ಟು ರಾಗಿ. ಅದಕ್ಕೂ ಹಿಂದಿನವರು ಹೂಳು ಹೊರೋ ಬಂಡಿಗೇ ಭೂಮಿ ಬಿಟ್ಟು ಶಾಸನ ಹಾಕಿಸಿದ್ದುಂಟು. 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಹೋದವು. ಹೋಗಲಿ, ಹುಟ್ಟಿನ ಲೆಕ್ಕದಲ್ಲಿ ಹೇರಿದ ಚಾಕರಿ ಅದು, ಹೋಗಬೇಕಾದ್ದೇ. ಆದರೆ ಹುದ್ದೆ ತೆಗೆದೋರು ಆ ಕೆಲಸ ಇನ್ನು ಯಾರದು ಅಂತ ಹೇಳಲೇ ಇಲ್ಲ.

ಪ್ರವಾಹಕ್ಕೆ ಸರ್ಕಾರ ಹಣ ಕೊಡುತ್ತದಲ್ಲ?

ಕೊಡುತ್ತೆ, ಮುಳುಗಿದ ಮೇಲೆ. 15ನೇ ಹಣಕಾಸು ಆಯೋಗ ರಾಜ್ಯದ ವಿಪತ್ತು ನಿಧಿಯನ್ನ ಭಾಗ ಮಾಡಿ, 100ಕ್ಕೆ 80 ಪಾಲು ಪರಿಹಾರದ ಕಡೆಗೆ, 20 ಪಾಲು ಮೊದಲೇ ತಡೆಯೋ ಕಡೆಗೆ ಇಟ್ಟಿತು. ಆ 20 ನನ್ನ ತನಕ ನಡೆದು ಬರೋ ಹೊತ್ತಿಗೆ ಮಳೆ ಬಂದಿರುತ್ತೆ. 2022ರ ಸೆಪ್ಟೆಂಬರಲ್ಲಿ ಮುಖ್ಯಮಂತ್ರಿ ಬೊಮ್ಮಾಯಿಯವರು ನೆರೆಗೆ 600 ಕೋಟಿ ಅಂದರು. ಅದರಲ್ಲಿ 300 ಬೆಂಗಳೂರಿಗೇ, ಮಿಕ್ಕ ಅರ್ಧದಲ್ಲಿ ಇಡೀ ರಾಜ್ಯ. ಮುಳುಗೋದಿದ್ದರೂ ಟಿವಿಯವರು ಇರೋ ಕಡೆ ಮುಳುಗಬೇಕು. ಅದಕ್ಕೂ ಹಿಂದಿನ ಅಕ್ಟೋಬರಲ್ಲಿ ನಮ್ಮ ತಾಲ್ಲೂಕಿನ ವಿಮಾನ ನಿಲ್ದಾಣದ ಮುಂದೆ ನೀರು ನಿಂತು, ವಿಮಾನ ಹತ್ತೋರು ಟ್ರ್ಯಾಕ್ಟರ್ ಹತ್ತಿದರು. ದೇಶವೆಲ್ಲ ಆ ಟ್ರ್ಯಾಕ್ಟರ್ ನೋಡಿತು. ಹೂಳು ಹೊರೋಕೆ ಒಂದು ಟ್ರ್ಯಾಕ್ಟರ್ ನನಗೆ ಬರಲಿಲ್ಲ.

ಕೆರೆ ತುಂಬಿಸುವ ಯೋಜನೆ ಬಂತಲ್ಲ?

ಬಂತು. ಬೆಂಗಳೂರಿನ ಹೆಬ್ಬಾಳ, ನಾಗವಾರದ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿ ತಾಲ್ಲೂಕಿನ ಕೆಲವು ಕೆರೆಗೆ ಬಿಟ್ಟರು. ಬೋರುಗಳಿಗೆ ಜೀವ ಬಂತು ಅಂತಾರೆ, ಸಂತೋಷ. ಆದರೆ ಲೆಕ್ಕ ನೋಡು: ಒಣಗಿದ ಕೆರೆ ಮೊದಲ ಮಳೆಗಳನ್ನ ತಾನೇ ಕುಡಿದುಬಿಡ್ತಿತ್ತು. ತುಂಬಿರೋ ಕೆರೆ, ಅದರ ತಳದಲ್ಲಿ ಹೂಳು, ಅಂದರೆ ಬಿದ್ದ ಮಳೆ ನೇರ ಕೋಡಿಗೆ. ಕೋಡಿ ಕೆಳಗಿನ ಕಾಲುವೆ ಎಷ್ಟೋ ಕಡೆ ಲೇಔಟಿನ ರಸ್ತೆ ಆಗಿದೆ. ತುಂಬಿಸೋಕೆ ಪಂಪುಂಟು, ಬಿಡೋಕೆ ದಾರಿಯಿಲ್ಲ.

ನೀವು ಹರಿದಾಗ ದೊಡ್ಡವರೆಲ್ಲ ಬರುತ್ತಾರೆ...

ಬಾಗಿನ ತಗೊಂಡು! ಶಾಮಿಯಾನ, ಮೈಕು, ಹೋಳಿಗೆ ಊಟ. ಹೋದ ಸಲ ಬಾಗಿನದ ಮೊರವೇ ನನ್ನ ಬಾಯಿಗೆ ಸಿಕ್ಕಿಕೊಂಡಿತು. ತೆಗೆಯೋಕೆ ಅನುದಾನ ಇಲ್ಲವಂತೆ.

2025ರ ಜುಲೈನಲ್ಲಿ ಈ ಹೋಬಳಿಯ 1,777 ಎಕರೆ ಸ್ವಾಧೀನ ಸರ್ಕಾರ ಕೈಬಿಟ್ಟಿತು. ಖುಷಿಯಾಯಿತೆ?

ಆಗದೆ? ಮೂರು ವರ್ಷಕ್ಕೂ ಮೇಲೆ ಹಟ ಹಿಡಿದು ಕೂತು ನೆಲ ಉಳಿಸಿಕೊಂಡ ಜನ. ಅಂಥವರಿಗೆ ನನ್ನದು ಸಣ್ಣ ಬೇಡಿಕೆ. ಮುಂದಿನ ಗ್ರಾಮಸಭೆಗೆ ಹೋಗಿ, ಈ ವರ್ಷ ಏರಿ ಮೇಲಿನ ಜಾಲಿ ಕಡಿಯೋಕೆ, ಕೋಡಿ ಕಾಲುವೆ ಬಿಡಿಸೋಕೆ ಎಷ್ಟು ಇಟ್ಟಿದ್ದೀರಿ ಅಂತ ಕೇಳಿ. ಉತ್ತರ ಏನೇ ಬರಲಿ, ನಡಾವಳಿ ಪುಸ್ತಕದಲ್ಲಿ ಬರೆಸದೆ ಮನೆಗೆ ಹೋಗಬೇಡಿ.