ಕನ್ನಡ ಬಿಡ್ರಿ ಅಂತ ಕನ್ನಡದಾಗ

ಸೊಲ್ಲಾಪುರದ ತಜ್ಞರೊಬ್ಬರು (ಕಲ್ಪನೆಯವರು, ಅಪರೂಪದವರಲ್ಲ) ಅಕ್ಕಲಕೋಟೆಯ ತಾಯಿಗೆ ಅಚ್ಚ ಕನ್ನಡದಲ್ಲೇ ಹೇಳುತ್ತಾರೆ: “ಆಟಿಸಂ ಐತ್ರಿ ಅಕ್ಕಾರ. ಮನ್ಯಾಗ ಕನ್ನಡ ಬಿಡ್ರಿ, ಬರೇ ಮರಾಠಿ ಮಾತಾಡ್ರಿ.” “ನನಗ ಮುದ್ದು ಮಾಡಾಕ ಬರೂದು ಕನ್ನಡದಾಗ ಅಷ್ಟರೀ, ಸಾಹೇಬ್ರ.” “ಹಂಗಾರ ಸುಮ್ಮಿರ್ರಿ!” ಮಾತು ತಡವಾದ ಮಗುವಿಗೆ ಮೂಕ ತಾಯಿಯೇ ಮದ್ದು! ಎರಡು ಭಾಷೆಯಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುವುದಿಲ್ಲವೆಂದು ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ.

“ಅವೆಲ್ಲಾ ಪರದೇಶದ್ದು, ನಮಗ ಓದಾಕ ಹೊತ್ತೆಲ್ಲಿ ಐತಿ?” ಅರ್ಧ ನ್ಯಾಯವಾದ ಮಾತು. ಆದರೆ “ಕನ್ನಡ ಬಿಡ್ರಿ” ಎಂಬುದಕ್ಕೆ ಯಾವ ದೇಶದ ಪುರಾವೆ? ಹೊತ್ತಿಲ್ಲವೆಂಬುದಕ್ಕೂ ದಾರಿಯಿದೆ: ಗೋವಾ, ರಾವಲ್ಪಿಂಡಿಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಜ್ಞರಲ್ಲದ ಕಾರ್ಯಕರ್ತರೇ ತರಬೇತಿ ಪಡೆದು, ಆಟಿಸಂ ಇರುವ ಮಕ್ಕಳೊಡನೆ ಒಡನಾಡುವುದನ್ನು ಹೆತ್ತವರಿಗೆ ಕಲಿಸಿದರು. ಹೆತ್ತವರ ಸ್ಪಂದನೆ ಹೆಚ್ಚಿತು. ಹೊತ್ತಿಲ್ಲದ ತಜ್ಞರು ಆ ಕೆಲಸವನ್ನು ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯರಿಗೆ ಕಲಿಸಲಿ. ತಾಯಿಯ ಬಾಯಿಗೆ ಬೀಗ ಹಾಕುವುದನ್ನು ನಿಲ್ಲಿಸಲಿ.